ಮಕ್ಕಳ ಬೆಂಚಿಗೆ ಕಥೆ ಬರೆದ ಮಾಸ್ತರರು: ಪಂಜೆ ಮಂಗೇಶರಾಯರು

ಕೆಲವು ವರ್ಷಗಳ ಹಿಂದೆ ಶಿಕ್ಷಕರ ದಿನಾಚರಣೆಯಂದು ಹಳ್ಳಿ ಶಾಲೆಯೊಂದರ ಕಾರ್ಯಕ್ರಮಕ್ಕೆ ನಾವು ಹೋಗಿದ್ದೆವು. ಸನ್ಮಾನ ಸ್ವೀಕರಿಸಿದ ನಿವೃತ್ತ ಶಿಕ್ಷಕಿಯೊಬ್ಬರು ಭಾಷಣ ಮಾಡಲಿಲ್ಲ. ತಾನು ಬಾಲ್ಯದಲ್ಲಿ ಕಲಿತ ನಾಗರಹಾವಿನ ಪದ್ಯವನ್ನು ಎರಡೂ ಕೈಗಳನ್ನು ಹೆಡೆಯಂತೆ ಹಿಡಿದು ಪೂರ್ತಿಯಾಗಿ ಹಾಡಿ ಕುಳಿತುಬಿಟ್ಟರು. ಮಕ್ಕಳಿಗೆ ಬಹಳ ಖುಷಿಯಾಯಿತು. ಅದನ್ನು ಬರೆದವರು ಯಾರೆಂದು ನಾವು ಸಭೆಯನ್ನು ಕೇಳಿದಾಗ ಮಾತ್ರ ಯಾರೂ ಮಾತನಾಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಪುಸ್ತಕದ ಕಪಾಟಿನಲ್ಲಿ ಹುಡುಕಿದೆವು. ಆ ಕವಿಯ ಒಂದು ಪುಸ್ತಕವೂ ಅಲ್ಲಿರಲಿಲ್ಲ. ಶಾಲೆಯವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಪದ್ಯ ಉಳಿದು ಹೆಸರು ಅಳಿಸಿಹೋಗುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಕಾಡುತ್ತಿದೆ.

ಆ ಹೆಸರು ಪಂಜೆ ಮಂಗೇಶರಾಯರದು. ಅವರು ಹುಟ್ಟಿ 2024ಕ್ಕೆ 150 ವರ್ಷ ತುಂಬಿತು. ಹೆಚ್ಚಿನವರು ಅವರನ್ನು ಮಕ್ಕಳ ಕವಿ ಎಂದಷ್ಟೇ ಬಲ್ಲರು. ಆದರೆ ಅವರು ಹೊಟ್ಟೆಪಾಡಿಗೆ ಶಾಲಾ ಮಾಸ್ತರರು, ಮನಸ್ಸಿನಿಂದ ಕಥೆಗಾರರು. ಕನ್ನಡದಲ್ಲಿ ಸಣ್ಣಕಥೆ ಎಂಬುದಕ್ಕೆ ಇನ್ನೂ ಸರಿಯಾದ ರೂಪ ಸಿಗುವ ಮೊದಲೇ ಅದನ್ನು ಬರೆದವರು. ಸರಕಾರಿ ವಿದ್ಯಾ ಇಲಾಖೆಯ ಉದ್ಯೋಗ ಅವರೊಳಗಿನ ಕಥೆಗಾರನಿಗೆ ಏನು ಕೊಟ್ಟಿತು, ಅವನಿಂದ ಏನು ಕಸಿದುಕೊಂಡಿತು ಎಂಬುದನ್ನು ಈ ಬರಹದಲ್ಲಿ ನೋಡಬೇಕೆಂದಿದ್ದೇವೆ.

1874ರ ಫೆಬ್ರವರಿ 22ರಂದು ಬಂಟವಾಳದಲ್ಲಿ ಅವರ ಜನನ. ತಂದೆ ರಾಮಪ್ಪಯ್ಯ. ಸಾರಸ್ವತ ಕುಟುಂಬ, ಮನೆಮಾತು ಕೊಂಕಣಿ. ಮನೆತನದ ಹೆಸರಿನಲ್ಲಿರುವ ಪಂಜ ಈಗಿನ ಸುಳ್ಯ ಕಡೆಯ ಊರು. ಆ ಕಾಲದ ಬಂಟವಾಳವೆಂದರೆ ನೇತ್ರಾವತಿಯ ದಡದ ವ್ಯಾಪಾರದ ಪೇಟೆ. ಘಟ್ಟದ ಕಡೆಯಿಂದ ಇಳಿದ ಸರಕು ಅಲ್ಲಿ ದೋಣಿ ಏರಿ ಮಂಗಳೂರಿಗೆ ಸಾಗುತ್ತಿತ್ತು. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಮುಂದೆ ಉದ್ಯೋಗಕ್ಕೆ ಇಂಗ್ಲಿಷ್. ನಮ್ಮ ಕರಾವಳಿಯವರಿಗೆ ಇದೇನೂ ಹೊಸತಲ್ಲ. ನಮ್ಮಲ್ಲಿ ಹೆಚ್ಚಿನವರು ಹೀಗೆಯೇ ಬೆಳೆದವರು. ಆದರೆ ಕಲಿತ ಭಾಷೆಯಾದ ಕನ್ನಡದಲ್ಲಿ ಚಿಕ್ಕ ಮಗುವಿನ ಬಾಯಿಗೆ ಒಪ್ಪುವ ಮಾತನ್ನು ಹುಡುಕಿ ತೆಗೆದವರು ಬಹಳ ಮಂದಿ ಇಲ್ಲ. ಪರಭಾಷೆಯವನ ಕಿವಿ ಶಬ್ದವನ್ನು ಮೊದಲು ನಾದವಾಗಿ ಕೇಳುತ್ತದೆ, ಅರ್ಥ ಆಮೇಲೆ. ಪಂಜೆಯವರ ಗದ್ಯದಲ್ಲೂ ಪದ್ಯದಲ್ಲೂ ಶಬ್ದಗಳು ಗೆಜ್ಜೆ ಕಟ್ಟಿಕೊಂಡು ಬರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನಮಗನಿಸುತ್ತದೆ.

ಎಳೆವಯಸ್ಸಿನಲ್ಲಿಯೇ ಮನೆಯ ಭಾರ ಹೆಗಲಿಗೆ ಬಂದುದರಿಂದ ಓದು ಮತ್ತು ದುಡಿಮೆ ಜೊತೆಜೊತೆಯಾಗಿ ಸಾಗಿದವು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿ ಪಾಠ ಹೇಳತೊಡಗಿದರು. ಪದವಿ ಮತ್ತು ಅಧ್ಯಾಪನದ ತರಬೇತಿ ಆಮೇಲಿನವು. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ ಮೇಲಿನ ಅಧಿಕಾರವೆಲ್ಲ ಮದ್ರಾಸಿನಲ್ಲಿತ್ತು. ಅಲ್ಲಿ ಕನ್ನಡ ಎಂದರೆ ಒಂದು ಮೂಲೆಯ ಭಾಷೆ. ಮೈಸೂರಿನಲ್ಲಿ ಕನ್ನಡಕ್ಕೆ ಅರಮನೆಯ ಆಶ್ರಯವಿತ್ತು. ಇಲ್ಲಿ ಇದ್ದುದು ಮುದ್ರಣಾಲಯಗಳು ಮತ್ತು ಶಾಲಾ ಮಾಸ್ತರರು.

ಮುದ್ರಣಾಲಯವೆಂದರೆ ಮುಖ್ಯವಾಗಿ ಬಾಸೆಲ್ ಮಿಶನ್ನಿನದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಿಂದಲೇ ಹೊರಬಂದಿತ್ತು. 1894ರಲ್ಲಿ ಕಿಟ್ಟೆಲ್ ಅವರ ಮಹಾನಿಘಂಟು ಇಲ್ಲಿಯೇ ಅಚ್ಚಾಯಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಕಾದಂಬರಿ ಬಂತು. ಅದರ ಬೆನ್ನಿಗೇ ಬೆನಗಲ್ ರಾಮರಾಯರ ಸುವಾಸಿನಿ ಮಾಸಪತ್ರಿಕೆ ಕಾಣಿಸಿಕೊಂಡಿತು. ಪಂಜೆಯವರ ಮೊದಲ ಕಥೆಗಳಿಗೆ ಮನೆಯಾದದ್ದು ಈ ಸುವಾಸಿನಿ. ಕಮಲಪುರದ ಹೋಟ್ಲಿನಲ್ಲಿ, ನನ್ನ ಚಿಕ್ಕ ತಾಯಿ, ನನ್ನ ಚಿಕ್ಕ ತಂದೆ ಮುಂತಾದ ಬರಹಗಳು 1900ರ ಆಸುಪಾಸಿನವು.

ಈ ಕಥೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದುವರೆಗೆ ಕನ್ನಡದಲ್ಲಿ ಕಥೆ ಎಂದರೆ ರಾಜಕುಮಾರ, ಮಂತ್ರಿಪುತ್ರ, ಶಾಪ, ವಿಮೋಚನೆ. ಅದಿಲ್ಲವಾದರೆ ಕೊನೆಯಲ್ಲಿ ನೀತಿ ಕಟ್ಟಿದ ದೃಷ್ಟಾಂತ. ಪಂಜೆಯವರು ಮನೆಯ ಜಗಲಿಯನ್ನೇ ಕಥೆಯ ಜಾಗ ಮಾಡಿದರು. ನಾನು ಎಂದು ಹೇಳಿಕೊಳ್ಳುವ ನಿರೂಪಕ, ಅವನ ಬಂಧುಗಳು, ಅವರ ಹುಚ್ಚು, ಹಠ, ಅಂಜಿಕೆಗಳು. ನಗು ಇದೆ, ಆದರೆ ಯಾರನ್ನೂ ಚುಚ್ಚಿ ನೆತ್ತರು ತೆಗೆಯುವ ನಗುವಲ್ಲ. ಹರಟೆ ಎಲ್ಲಿ ಮುಗಿಯಿತು, ಕಥೆ ಎಲ್ಲಿ ಸುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಆದ್ದರಿಂದಲೇ ವಿಮರ್ಶಕರು ಇವುಗಳನ್ನು ಸಣ್ಣಕಥೆ ಎನ್ನಬೇಕೇ, ಲಲಿತ ಪ್ರಬಂಧ ಎನ್ನಬೇಕೇ ಎಂದು ಚರ್ಚಿಸುತ್ತ ಬಂದಿದ್ದಾರೆ. ಸಣ್ಣಕಥೆಯ ಜನಕ ಎಂಬ ಬಿರುದು ಬಹುಕಾಲ ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ ಸಂದಿತು. ಮಾಸ್ತಿಯವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ಅವರ ದೊಡ್ಡತನದ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಎರಡು ದಶಕ ಮೊದಲೇ ಮಂಗಳೂರಿನ ಮಾಸ್ತರರೊಬ್ಬರು ಆ ದಾರಿ ತುಳಿದಿದ್ದರು ಎಂಬುದು ದಿನಾಂಕ ನೋಡಿದರೆ ತಿಳಿಯುವ ಸಂಗತಿ. ಇತ್ತೀಚಿನ ಸಾಹಿತ್ಯ ಚರಿತ್ರೆಗಳು ಇದನ್ನು ಒಪ್ಪಿಕೊಂಡಿವೆ.

ಹೆಸರು ಹಿಂದೆ ಸರಿಯುವುದಕ್ಕೆ ಪಂಜೆಯವರೂ ಸ್ವಲ್ಪ ಕಾರಣರು. ಅವರು ಸ್ವಂತ ಹೆಸರನ್ನು ಮುಂದೆ ಮಾಡಿಕೊಂಡು ಬರೆದವರಲ್ಲ. ಪದ್ಯಗಳಿಗೆ ಕವಿಶಿಷ್ಯ ಎಂಬ ಅಂಕಿತ. ಹರಟೆಗಳಿಗೆ ಹರಟೆಮಲ್ಲ. ಇನ್ನು ಕೆಲವಕ್ಕೆ ರಾ. ಮ. ಪಂ. ಎಂಬ ಬರಿಯ ಅಕ್ಷರಗಳು. ಜೀವನವಿಡೀ ಶಿಷ್ಯರಿಗೆ ಪಾಠ ಹೇಳಿದವರು ತನ್ನನ್ನು ಶಿಷ್ಯನೆಂದು ಕರೆದುಕೊಂಡರು. ಪತ್ರಿಕೆಯ ಪುಟಗಳಲ್ಲಿ ಮೂರು ಹೆಸರುಗಳಲ್ಲಿ ಚದುರಿಹೋದ ಬರಹಗಾರನನ್ನು ಒಬ್ಬನೇ ಎಂದು ಗುರುತಿಸಲು ಓದುಗರಿಗೆ ಸಮಯ ಬೇಕಾಯಿತು.

ಮುಂದೆ ಅವರಿಗೆ ಶಾಲೆಗಳ ಇನ್ಸ್‌ಪೆಕ್ಟರ್ ಕೆಲಸ ಬಂತು. ಸಬ್ ಅಸಿಸ್ಟೆಂಟ್ ಇನ್ಸ್‌ಪೆಕ್ಟರ್ ಎಂಬುದು ಹುದ್ದೆಯ ಹೆಸರು. ಕೆಲಸ ಮಾತ್ರ ಕಾಲಿನದು. ಅಂದಿನ ಜಿಲ್ಲೆ ಕುಂದಾಪುರದ ಕಡೆಯಿಂದ ಕಾಸರಗೋಡಿನವರೆಗೆ ಚಾಚಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ನಡುವೆ ಹೊಳೆಗಳು, ಅವುಗಳಲ್ಲಿ ಹೆಚ್ಚಿನವಕ್ಕೆ ಸೇತುವೆಯಿಲ್ಲ. ಎತ್ತಿನ ಗಾಡಿ, ದೋಣಿ, ಅದೂ ಇಲ್ಲದಲ್ಲಿ ನಡಿಗೆ. ಮಳೆಗಾಲದ ನಾಲ್ಕು ತಿಂಗಳು ಗುಡ್ಡೆಯಾಚೆಯ ಶಾಲೆಗೆ ಹೋಗುವುದೆಂದರೆ ಏನೆಂದು ನಮ್ಮ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ.

ಆ ಶಾಲೆಗಳಾದರೂ ಹೇಗಿದ್ದವು! ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ನೆಲ. ಮಗು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿತ್ತು. ಕಾಗುಣಿತ ಮುಗಿದೊಡನೆ ಅರ್ಥ ತಿಳಿಯದ ಹಳಗನ್ನಡ, ನಡುಗನ್ನಡ ಪದ್ಯಗಳ ಬಾಯಿಪಾಠ. ಪಕ್ಕದಲ್ಲಿ ಬೆತ್ತ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮಲಯಾಳವನ್ನೋ ಬ್ಯಾರಿಯನ್ನೋ ಆಡುವ ಮಗುವಿಗೆ ಕನ್ನಡವೇ ಹೊಸತು. ಅದರ ಮೇಲೆ ಪಂಡಿತರ ಕನ್ನಡ. ಇನ್ಸ್‌ಪೆಕ್ಟರರ ಕೆಲಸ ಹಾಜರಿ ಪುಸ್ತಕ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಷರಾ ಬರೆದು ಹೊರಡುವುದು. ಪಂಜೆಯವರು ನೋಡಿದ ಕೊರತೆ ಷರಾ ಬರೆದರೆ ಮುಗಿಯುವಂಥದ್ದಾಗಿರಲಿಲ್ಲ. ಆ ಮಕ್ಕಳಿಗೆ ಓದಲು ಏನೂ ಇರಲಿಲ್ಲ.

ಅದನ್ನು ತುಂಬಲು ಅವರು ತಮ್ಮ ಕಥೆಗಾರಿಕೆಯನ್ನೇ ತೆತ್ತರು. ಮೆಣಸಿನ ಕಾಳಪ್ಪ, ಇಲಿಗಳ ಥಕಥೈ, ಗುಡುಗುಡು ಗುಮ್ಮಟ ದೇವರು, ಒಡ್ಡನ ಓಟ, ಅಗೋಳಿ ಮಂಜಣ. ಹೆಸರು ಕೇಳಿದರೇ ಮಗು ಹತ್ತಿರ ಬರುವಂಥ ಶೀರ್ಷಿಕೆಗಳು. ಈ ಕಥೆಗಳಲ್ಲಿ ವಾಕ್ಯ ಚಿಕ್ಕದು. ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಮೂರನೆಯ ಸಲ ಮಾಸ್ತರರು ಬಾಯಿ ತೆರೆಯುವ ಮೊದಲೇ ಮಕ್ಕಳು ಅದನ್ನು ಹೇಳಿಬಿಡುತ್ತಾರೆ. ಗುಡುಗು, ಓಟ, ಕುಣಿತ ಎಲ್ಲವೂ ಶಬ್ದದಲ್ಲಿಯೇ ಕೇಳಿಸುತ್ತವೆ. ಅಗೋಳಿ ಮಂಜಣ ನಮ್ಮ ತುಳುನಾಡಿನ ಜನಪದ ವೀರ, ಬಕಾಸುರನ ಹಸಿವು ಮತ್ತು ಆನೆಯ ಬಲ ಉಳ್ಳವನು. ಅವನು ಮೊದಲು ಅಜ್ಜಿಯಂದಿರ ಬಾಯಲ್ಲಿದ್ದ. ಪಂಜೆಯವರು ಅವನನ್ನು ಶಾಲೆಯ ಬೆಂಚಿನ ಮೇಲೆ ತಂದು ಕೂರಿಸಿದರು. ತನ್ನ ಊರಿನವನೊಬ್ಬ ಪುಸ್ತಕದಲ್ಲಿ ಇದ್ದಾನೆ ಎಂದು ಒಂದು ಹಳ್ಳಿಯ ಹುಡುಗನಿಗೆ ಅನಿಸಿದ್ದು ಸಣ್ಣ ಸಂಗತಿಯಲ್ಲ.

ಈ ಕೆಲಸದಲ್ಲಿ ಅವರೊಬ್ಬರೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಮೈಸೂರು ಕಡೆ ಎಸ್. ಜಿ. ನರಸಿಂಹಾಚಾರ್ಯರು ಮಕ್ಕಳಿಗಾಗಿ ಪದ್ಯ ಬರೆದಿದ್ದರು. ನಮ್ಮ ಕರಾವಳಿಯವರೇ ಆದ ಹಟ್ಟಿಯಂಗಡಿ ನಾರಾಯಣರಾಯರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1919ರಲ್ಲಿ ಆಂಗ್ಲ ಕವಿತಾವಳಿ ಪ್ರಕಟಿಸಿದರು. ಪಂಜೆಯವರೂ ಇಂಗ್ಲಿಷಿನಿಂದ ಎತ್ತಿಕೊಂಡದ್ದುಂಟು. ಎತ್ತಿಕೊಂಡುದು ಕನ್ನಡದ್ದೇ ಎನಿಸುವಂತೆ ಮಾಡುವುದರಲ್ಲಿ ಅವರ ಕೈ ಪಳಗಿತ್ತು. ಬರಿಯ ಭಾಷಾಂತರವಾಗಿದ್ದರೆ ಅದು ನಮ್ಮ ನಿವೃತ್ತ ಶಿಕ್ಷಕಿಯ ನೆನಪಿನಲ್ಲಿ ಅಷ್ಟು ವರ್ಷ ಉಳಿಯುತ್ತಿರಲಿಲ್ಲ.

ಶಾಲೆಗಳಿಗೆ ಪಠ್ಯಪುಸ್ತಕ ಬೇಕಾದಾಗ ಬಾಸೆಲ್ ಮಿಶನ್ನಿನವರು ಪಂಜೆಯವರ ನೆರವು ಪಡೆದರು. ಪದ್ಯಪುಸ್ತಕಗಳು, ವ್ಯಾಕರಣ, ವಾಚನಪಾಠಗಳು ಅವರ ಕೈಯಿಂದ ಸಿದ್ಧವಾದವು. ಕಿಟ್ಟೆಲ್ ಅವರು 1872ರಲ್ಲಿ ಪ್ರಕಟಿಸಿದ್ದ ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ 1920ರ ಆವೃತ್ತಿಯನ್ನು ಹೊರತಂದವರೂ ಪಂಜೆಯವರೇ. ಹಳಗನ್ನಡದ ಅತಿ ಕಠಿಣ ವ್ಯಾಕರಣಗ್ರಂಥವನ್ನು ತಿದ್ದಬಲ್ಲ ಪಂಡಿತರು ಇಲಿಗಳ ಕುಣಿತವನ್ನೂ ಬರೆದರು. ಸರಳವಾಗಿ ಬರೆದವರಿಗೆ ಪಾಂಡಿತ್ಯ ಕಡಿಮೆ ಎಂಬ ಅನುಮಾನ ನಮ್ಮ ವೇದಿಕೆಗಳಲ್ಲಿ ಇಂದಿಗೂ ಸುಳಿಯುತ್ತದೆ. ಅಂಥ ಅನುಮಾನವಿರುವವರು ಆ ಗ್ರಂಥವನ್ನು ಒಮ್ಮೆ ಕೈಗೆತ್ತಿಕೊಳ್ಳಲಿ. ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲ ಎಂಬ ಸಂಸ್ಥೆಯನ್ನೂ ಅವರು ಮಂಗಳೂರಿನಲ್ಲಿ ಕಟ್ಟಿದರು.

ದೊಡ್ಡವರಿಗಾಗಿ ಅವರು ಬರೆದುದರಲ್ಲಿ ನಮಗೆ ಮುಖ್ಯವೆನಿಸುವುದು ಕೋಟಿ ಚೆನ್ನಯ. ಪಡುಮಲೆಯ ಬಲ್ಲಾಳನ ಹುಣ್ಣು ಮಾಗಿಸಿದ ವೈದ್ಯೆ ದೇಯಿ ಬೈದೆತಿ, ಅವಳ ಅವಳಿ ಮಕ್ಕಳು, ಕೊಟ್ಟ ಮಾತು ಉಳಿಸದ ಅರಮನೆ, ಬುದ್ಯಂತನೊಂದಿಗಿನ ಜಗಳ, ಊರು ಬಿಟ್ಟ ಅಲೆದಾಟ, ಎಣ್ಮೂರಿನ ಕಾಳಗದಲ್ಲಿ ಸಾವು. ತುಳು ಪಾಡ್ದನದಲ್ಲಿ ಶತಮಾನಗಳಿಂದ ಹರಿದುಬಂದ ಕಥೆ ಇದು. ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಹಾಡುತ್ತಿದ್ದರು, ಗರಡಿಯ ನೇಮಗಳಲ್ಲಿ ಕೇಳಿಬರುತ್ತಿತ್ತು. 1886ರಲ್ಲಿ ಮಿಶನ್ನಿನ ಮ್ಯಾನರ್ ಎಂಬವರು ಪಾಡ್ದನಗಳನ್ನು ತುಳುವಿನಲ್ಲಿ ಅಚ್ಚು ಹಾಕಿಸಿದ್ದರು. ಆದರೆ ಅದು ಸಂಗ್ರಹ. ಪಂಜೆಯವರು ಅದನ್ನು ಕನ್ನಡ ಗದ್ಯದ ಕಥೆಯಾಗಿ ಹೇಳಿದರು. ಬಿಲ್ಲವ ತಾಯಿಯ ಮಕ್ಕಳಿಬ್ಬರು ಅರಸರ ಎದುರು ನ್ಯಾಯ ಕೇಳುವ ಕಥೆಯನ್ನು ಬೇರೆ ಸಮಾಜದ ಒಬ್ಬ ಮಾಸ್ತರರು ಗೌರವದಿಂದ ಎತ್ತಿಕೊಂಡರು ಎಂಬುದು ಆ ಕಾಲದ ಮಟ್ಟಿಗೆ ಗಮನಿಸಬೇಕಾದ ವಿಷಯ. ಅವಳಿಗಳ ಅಲೆದಾಟದಲ್ಲಿ ಪಂಜವೂ ಬರುತ್ತದೆ, ಬರೆದವರ ಮನೆತನದ ಹೆಸರಿನ ಅದೇ ಪಂಜ. ಹಾಗೆ ನೋಡಿದರೆ, ತಿಂಗಳುಗಟ್ಟಲೆ ಹಳ್ಳಿಗಳಲ್ಲಿ ತಿರುಗದೆ ಪೇಟೆಯ ಕಾಲೇಜಿನಲ್ಲಿಯೇ ಕುಳಿತಿದ್ದರೆ ಇಂಥ ಪುಸ್ತಕ ಅವರಿಂದ ಬರುತ್ತಿತ್ತೇ ಎಂಬ ಸಂಶಯ ನಮಗಿದೆ. ಉದ್ಯೋಗ ಕೊಟ್ಟದ್ದರಲ್ಲಿ ಇದೊಂದು.

ಕಸಿದುಕೊಂಡದ್ದೂ ಇದೆ; ಅದನ್ನು ಮುಚ್ಚಿಡುವುದು ಬೇಡ. ಸುವಾಸಿನಿಯ ದಿನಗಳಲ್ಲಿ ಅಷ್ಟು ಹದವಾಗಿ ಸುರುವಾದ ದೊಡ್ಡವರ ಸಾಮಾಜಿಕ ಕಥೆ ಆಮೇಲೆ ಅವರ ಕೈಯಲ್ಲಿ ಹುಲುಸಾಗಿ ಬೆಳೆಯಲಿಲ್ಲ. ಜಗಲಿಯ ಆ ಚಿಕ್ಕ ತಾಯಿ, ಚಿಕ್ಕ ತಂದೆಯರಿಂದ ಒಂದು ತುಂಬು ಕಾದಂಬರಿ ಹೊರಡಬಹುದಿತ್ತು. ಹೊರಡಲಿಲ್ಲ. ಹಗಲು ತಪಾಸಣೆ, ರಾತ್ರಿ ವರದಿ, ನಡುವೆ ಉಳಿದ ಹೊತ್ತು ಪಠ್ಯಪುಸ್ತಕಕ್ಕೆ. ಅಧ್ಯಾಪಕರಾಗಿದ್ದು ಬರೆಯುವ ಯಾರಿಗೂ ಈ ಲೆಕ್ಕ ಗೊತ್ತು. ನಮ್ಮ ಪರಿಚಯದ ಶಿಕ್ಷಕ ಬರಹಗಾರರು ಉತ್ತರಪತ್ರಿಕೆಗಳ ಕಟ್ಟು ಪಕ್ಕಕ್ಕಿಟ್ಟು ಕಥೆಯ ಹಾಳೆ ಎಳೆದುಕೊಳ್ಳುವಾಗ ಗಂಟೆ ಹನ್ನೊಂದಾಗಿರುತ್ತದೆ. ಪಂಜೆಯವರ ಕಾಲದಲ್ಲಿ ಅದೂ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ. ಆದರೆ ಅವರು ಸೋತು ಮಕ್ಕಳ ಕಡೆ ತಿರುಗಿದರು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಓದುವವರೇ ಇಲ್ಲದ ಕಡೆ ಕಾದಂಬರಿ ಬರೆಯುವುದಕ್ಕಿಂತ ಮೊದಲು ಓದುಗರನ್ನು ಬೆಳೆಸಬೇಕೆಂದು ಅವರು ಬಗೆದಂತೆ ಕಾಣುತ್ತದೆ. ಅವರ ಪಾಠ ಓದಿ ಬೆಳೆದ ತಲೆಮಾರು ಮುಂದೆ ಕನ್ನಡ ಕಾದಂಬರಿಗಳನ್ನು ಕೊಂಡು ಓದಿತು. ನಷ್ಟ ನಷ್ಟವೇ. ಅದಕ್ಕೆ ಪ್ರತಿಯಾಗಿ ಬಂದುದೂ ಕಡಿಮೆಯದಲ್ಲ.

ಮಂಗಳೂರಿನ ಶಿಕ್ಷಕರ ತರಬೇತಿ ಶಾಲೆಯಲ್ಲೂ ಅವರು ಕೆಲಸ ಮಾಡಿದರು. ಅನಂತರ 1921ರಲ್ಲಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಘಟ್ಟ ಹತ್ತಿದರು. ಕೊಡಗು ಆಗ ಬ್ರಿಟಿಷರ ನೇರ ಆಡಳಿತದ ಪ್ರತ್ಯೇಕ ಸೀಮೆ. ಜನರ ಮಾತು ಕೊಡವ, ಶಾಲೆಯ ಮಾತು ಕನ್ನಡ. ಕೊಂಕಣಿ ಮನೆಯಿಂದ ಕನ್ನಡಕ್ಕೆ ಬಂದ ಮಾಸ್ತರರಿಗೆ ಆ ಮಕ್ಕಳ ತೊಡಕು ಚೆನ್ನಾಗಿ ಅರ್ಥವಾಗಿದ್ದಿರಬೇಕು. ಅಲ್ಲಿನ ಸುಗ್ಗಿಯ ಹಬ್ಬ ಹುತ್ತರಿ. ಹುಣ್ಣಿಮೆಯ ಬೆಳಕಿನಲ್ಲಿ ಗದ್ದೆಗೆ ಹೋಗಿ, ಪೊಲಿ ಪೊಲಿ ಎಂದು ಕೂಗಿ ಹೊಸ ಕದಿರು ಕೊಯ್ದು ಮನೆ ತುಂಬಿಸುವ ಆ ಹಬ್ಬವನ್ನು ಹೊರಗಿನಿಂದ ಬಂದ ಈ ಹೆಡ್ಮಾಸ್ಟರರು ಕಂಡು ಹುತ್ತರಿಯ ಹಾಡು ಬರೆದರು. ಕೊಡಗಿನ ಬೆಟ್ಟ, ಹೊಳೆ, ವೀರರನ್ನು ಕೊಂಡಾಡುವ ಆ ಹಾಡನ್ನು ಕೊಡಗಿನವರು ತಮ್ಮ ನಾಡಗೀತೆಯಂತೆ ಹಾಡುತ್ತ ಬಂದಿದ್ದಾರೆ. ವರ್ಗವಾಗಿ ಬಂದ ಮಾಸ್ತರರೊಬ್ಬರಿಗೆ ಒಂದು ಊರು ಇದಕ್ಕಿಂತ ದೊಡ್ಡ ಸ್ಥಾನ ಕೊಡುವುದು ಸಾಧ್ಯವೇ?

ನಿವೃತ್ತಿಯ ಬಳಿಕ ಅವರು ಮಂಗಳೂರಿಗೆ ಮರಳಿದರು. 1934ರಲ್ಲಿ ರಾಯಚೂರಿನಲ್ಲಿ ನಡೆದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ರಾಯಚೂರು ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಕನ್ನಡ ಶಾಲೆಗಳು ಅಲ್ಲಿ ಉರ್ದುವಿನ ನೆರಳಿನಲ್ಲಿ ಬದುಕುತ್ತಿದ್ದವು. ಕನ್ನಡದ ಇನ್ನೊಂದು ಅಂಚಿನ ಪ್ರಾಂತ್ಯದಿಂದ ಬಂದ ಶಾಲಾ ಮಾಸ್ತರರು ಅಲ್ಲಿ ಪೀಠವೇರಿದ್ದು ನಮಗೆ ಉಚಿತವೆನಿಸುತ್ತದೆ. ಇದಕ್ಕೆ ಒಂಬತ್ತು ವರ್ಷ ಮೊದಲು, 1925ರ ಬೆಳಗಾವಿ ಸಮ್ಮೇಳನದಲ್ಲಿ ಅದೇ ಪೀಠದಲ್ಲಿ ಕುಳಿತವರು ಸುವಾಸಿನಿಯ ಬೆನಗಲ್ ರಾಮರಾಯರು.

1937ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಪಂಜೆಯವರು ತೀರಿಕೊಂಡರು. ಆಗ ಅವರ ವಯಸ್ಸು 63. ಕುವೆಂಪು ಅವರು ಪಂಜೆಯವರ ನೆನಪಿಗೆ ಒಂದು ಕವಿತೆ ಬರೆದರು. ಆದರೆ ಪತ್ರಿಕೆಗಳಲ್ಲಿ, ಪಠ್ಯಗಳಲ್ಲಿ, ಮೂರು ಹೆಸರುಗಳಲ್ಲಿ ಹರಡಿಹೋಗಿದ್ದ ಪಂಜೆಯವರ ಬರಹಗಳು ಒಟ್ಟಾಗಿ ಓದುಗರ ಕೈಗೆ ಬರಲು ಮತ್ತೂ ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಜನ್ಮಶತಮಾನೋತ್ಸವದ ಹೊತ್ತಿಗೆ, 1970ರ ದಶಕದಲ್ಲಿ, ಪಂಜೆಯವರ ಕೃತಿಗಳು ನಾಲ್ಕು ಸಂಪುಟಗಳಾಗಿ ಬಂದವು. ಸುವಾಸಿನಿಯ ಕಥೆಗಳೂ ಕೋಟಿ ಚೆನ್ನಯನೂ ಮೆಣಸಿನ ಕಾಳಪ್ಪನೂ ಆಗ ಒಂದೇ ಹೆಸರಿನ ಕೆಳಗೆ ಸೇರಿದರು.

ಆ ಹಳ್ಳಿ ಶಾಲೆಗೆ ನಾವು ಆಮೇಲೆ ಮಕ್ಕಳ ಕಥೆಗಳ ಪ್ರತಿಗಳನ್ನು ಕಳುಹಿಸಿಕೊಟ್ಟೆವು. ಕಳೆದ ಸಲ ಆ ದಾರಿಯಾಗಿ ಹೋಗುವಾಗ ವಿಚಾರಿಸಿದೆವು. ಗುಡುಗುಡು ಗುಮ್ಮಟ ದೇವರನ್ನು ಮೂರನೆಯ ತರಗತಿಯ ಹುಡುಗನೊಬ್ಬ ಮನೆಗೆ ಒಯ್ದಿದ್ದಾನಂತೆ. ಇನ್ನೂ ತಂದುಕೊಟ್ಟಿಲ್ಲ.